ಉಡುಗೊರೆಯಲ್ಲಿ ದೋಷವಿದ್ದರೆ

ಈ ಸ್ಮರಣ ಸಂಚಿಕೆಗೆ ಗೃಹಕೃತ್ಯದಲ್ಲಿ ಉಪಯೋಗಕ್ಕೆ ಬರುವ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನಮ್ಮನ್ನು ಕೇಳಿಕೊಂಡಿದ್ದಾರೆ. ಕಳೆದ ವರ್ಷ ನಡೆದ ಒಂದು ಸಣ್ಣ ಸಂಗತಿಯು ನಮಗೇ ಪಾಠವಾಯಿತು. ಅದನ್ನು ಹೇಳಿ, ಅದರಿಂದ ನಾವು ಕಲಿತ ಶಾಸನದ ವಿಷಯಗಳನ್ನು ವಿವರಿಸುವುದೇ ಇಲ್ಲಿನ ಉದ್ದೇಶ.

ನಮ್ಮ ವಿದ್ಯಾರ್ಥಿನಿ ನಿಲಯದಲ್ಲಿ ಇಪ್ಪತ್ತೆಂಟು ವರ್ಷ ಅಡಿಗೆ ಮಾಡಿದ ಅಮ್ಮನವರು ಮಾರ್ಚ್ ತಿಂಗಳಲ್ಲಿ ನಿವೃತ್ತರಾದರು. ಅವರ ಕೈಯ ಅನ್ನವನ್ನುಂಡು ಬೆಳೆದ ಹಳೆಯ ವಿದ್ಯಾರ್ಥಿನಿಯರು ಒಬ್ಬೊಬ್ಬರು ತಮ್ಮ ಸಂಬಳದಿಂದ ಐನೂರು, ಇನ್ನೂರು, ಕೆಲವರು ನೂರು ರೂಪಾಯಿಯಂತೆ ಕೂಡಿಸಿ, ಹಿಟ್ಟು ರುಬ್ಬುವ ಒಂದು ಗ್ರೈಂಡರನ್ನು ಕೊಂಡು ಬೀಳ್ಕೊಡುವ ಸಮಾರಂಭದಲ್ಲಿ ಅವರಿಗೆ ಅರ್ಪಿಸಿದರು. ಇನ್ನು ಮುಂದೆ ಅಮ್ಮನವರು ಒರಳಿನ ಮುಂದೆ ಕುಳಿತುಕೊಳ್ಳಬಾರದೆಂಬುದೇ ಎಲ್ಲರ ಇಚ್ಛೆಯಾಗಿತ್ತು.

ನವೆಂಬರಿನಲ್ಲಿ ನಾವು ಅವರ ಊರಿಗೆ ಹೋದಾಗ ಅವರು ಒರಳಿನ ಮುಂದೆಯೇ ಕುಳಿತಿದ್ದರು. ಗ್ರೈಂಡರು ಮೂಲೆಯಲ್ಲಿ, ಒಂದು ಹಳೆಯ ಸೀರೆಯನ್ನು ಹೊದ್ದುಕೊಂಡು ನಿಂತಿತ್ತು. ಮನೆಯ ಮಾಡು ರಿಪೇರಿಯಾಗುವ ತನಕ ಪೆಟ್ಟಿಗೆಯನ್ನು ಬಿಚ್ಚದೆ ಇಟ್ಟಿದ್ದರಂತೆ. ಆಗಸ್ಟಿನಲ್ಲಿ ಬಿಚ್ಚಿ ನಾಲ್ಕು ಸಾರಿ ರುಬ್ಬುವಷ್ಟರಲ್ಲಿ ಸುಟ್ಟ ವಾಸನೆ ಬಂದು ಮೋಟಾರು ನಿಂತುಹೋಯಿತಂತೆ. ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಕೇಳಿದೆವು.

“ಟೀಚರಮ್ಮಾ, ಮಕ್ಕಳು ಹೊಟ್ಟೆ ಬಟ್ಟೆ ಕಟ್ಟಿ ಕೊಟ್ಟದ್ದು. ಕೆಟ್ಟುಹೋಯಿತು ಅಂತ ಯಾವ ಬಾಯಿಂದ ಹೇಳಲಿ?” ಎಂದರು.

ಈ ಮಾತು ನಮ್ಮ ಮನಸ್ಸನ್ನು ತಟ್ಟಿತು. ಯಾಕಂದರೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹೀಗೆಯೇ ನಡೆಯುತ್ತದೆ. ಮದುವೆಗೆ ಬಂದ ಕುಕ್ಕರು, ಗೃಹಪ್ರವೇಶಕ್ಕೆ ಬಂದ ಗಡಿಯಾರ, ಮಗುವಿಗೆ ಬಂದ ಸೈಕಲ್ಲು ಕೆಟ್ಟರೆ, ಕೊಟ್ಟವರ ಮನಸ್ಸು ನೊಂದೀತೆಂದು ನಾವು ಬಾಯಿ ಬಿಡುವುದಿಲ್ಲ. ಇದನ್ನು ಕೃತಜ್ಞತೆಯೆಂದು ತಿಳಿದಿರುತ್ತೇವೆ. ಆದರೆ ಕೊಟ್ಟವರ ಹಣವು ವ್ಯರ್ಥವಾಗುವುದನ್ನು ನೋಡುತ್ತ ಸುಮ್ಮನಿರುವುದು ಅವರಿಗೆ ಮಾಡುವ ಗೌರವವಾಗಲಾರದು.

ನಾವು ಗ್ರೈಂಡರನ್ನು ಕೊಂಡ ಅಂಗಡಿಗೆ ಹೋದೆವು. ಬಿಲ್ಲಿನ ಚಿತ್ರವನ್ನು ಕೊಂಡ ವಿದ್ಯಾರ್ಥಿನಿಯು ಮೊಬೈಲಿಗೆ ಕಳುಹಿಸಿದ್ದಳು. ಅಂಗಡಿಯವರು ಮರ್ಯಾದೆಯಿಂದಲೇ ಮೂರು ಆಕ್ಷೇಪಗಳನ್ನು ಹೇಳಿದರು: ಬಿಲ್ಲು ಇವರ ಹೆಸರಿನಲ್ಲಿಲ್ಲ, ಕೊಂಡು ಎಂಟು ತಿಂಗಳಾಯಿತು, “ಮಾರಿದ ಸಾಮಾನು ವಾಪಸು ತೆಗೆದುಕೊಳ್ಳಲಾಗುವುದಿಲ್ಲ” ಎಂದು ಬಿಲ್ಲಿನಲ್ಲಿಯೇ ಅಚ್ಚಾಗಿದೆ. ಈ ಮೂರನ್ನೂ ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯದು ಹೆಸರಿನ ಮಾತು. ನಮ್ಮ ದೇಶದಲ್ಲಿ 1986ರ ಗ್ರಾಹಕರ ರಕ್ಷಣಾ ಕಾಯಿದೆಯ ಸ್ಥಾನದಲ್ಲಿ 2019ರ ಹೊಸ ಕಾಯಿದೆಯು ಬಂದು, 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಹಣ ಕೊಟ್ಟು ಕೊಂಡವರು ಮಾತ್ರವೇ ಗ್ರಾಹಕರಲ್ಲ. ಕೊಂಡವರ ಒಪ್ಪಿಗೆಯಿಂದ ಆ ವಸ್ತುವನ್ನು ಬಳಸುವವರೂ ಗ್ರಾಹಕರೇ. ಮಾರಾಟಕ್ಕಾಗಿ ಅಥವಾ ವ್ಯಾಪಾರದ ಉದ್ದೇಶಕ್ಕಾಗಿ ಕೊಂಡಿರಬಾರದೆಂಬುದು ಮುಖ್ಯ ನಿಬಂಧನೆ. ಉಡುಗೊರೆಯನ್ನು ಸಂತೋಷದಿಂದ ಕೈಯಲ್ಲಿಟ್ಟು ಕೊಟ್ಟಮೇಲೆ ಒಪ್ಪಿಗೆಗೆ ಬೇರೆ ಸಾಕ್ಷಿ ಏನು ಬೇಕು? ಆದಕಾರಣ ಅಮ್ಮನವರು ತಾವೇ ದೂರು ಕೊಡಲು ಅರ್ಹರು.

ಎರಡನೆಯದು ಕಾಲದ ಮಾತು. ಇದರಲ್ಲಿ ಮೂರು ಅವಧಿಗಳನ್ನು ಬೇರೆ ಬೇರೆಯಾಗಿ ತಿಳಿಯತಕ್ಕದ್ದು.

ಒಂದು, ವಾರಂಟಿ. ಇದು ತಯಾರಿಸಿದವರು ಬರೆದುಕೊಟ್ಟ ಮಾತು. ಸಾಮಾನ್ಯವಾಗಿ ಇದು ಕೊಂಡ ದಿನದಿಂದ ಎಣಿಕೆಯಾಗುತ್ತದೆಯೇ ಹೊರತು ಪೆಟ್ಟಿಗೆ ಬಿಚ್ಚಿದ ದಿನದಿಂದಲ್ಲ. ನಮ್ಮ ಗ್ರೈಂಡರಿಗೆ ಒಂದು ವರ್ಷದ ವಾರಂಟಿ ಇತ್ತು. ಅದರಲ್ಲಿ ಐದು ತಿಂಗಳು ಪೆಟ್ಟಿಗೆಯಲ್ಲಿಯೂ ಮೂರು ತಿಂಗಳು ಸಂಕೋಚದಲ್ಲಿಯೂ ಕಳೆದುಹೋಗಿದ್ದವು.

ಎರಡು, ವಸ್ತುವನ್ನು ಬೇಡವೆಂದು ಹಿಂದಿರುಗಿಸುವ ಅವಧಿ. 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ, ಕೊಂಡವರು ತಕ್ಕಷ್ಟು ಕಾಲ ಕಳೆದರೂ ಬೇಡವೆಂದು ತಿಳಿಸದೆ ವಸ್ತುವನ್ನು ಇಟ್ಟುಕೊಂಡರೆ, ಅದನ್ನು ಸ್ವೀಕರಿಸಿದಂತೆಯೇ ಎಣಿಸಲಾಗುವುದು. ತಕ್ಕಷ್ಟು ಕಾಲವೆಂದರೆ ಎಷ್ಟು ದಿನವೆಂದು ಅಲ್ಲಿ ಲೆಕ್ಕ ಕಟ್ಟಿಲ್ಲ. ಅದು ಆಯಾ ಸಂದರ್ಭವನ್ನು ನೋಡಿ ತೀರ್ಮಾನಿಸತಕ್ಕ ಮಾತು. ಹೀಗೆ ಸ್ವೀಕರಿಸಿದ ಮೇಲೆಯೂ ದೋಷದಿಂದಾದ ನಷ್ಟವನ್ನು ಕೇಳುವ ಹಕ್ಕು ಹೋಗುವುದಿಲ್ಲ.

ಮೂರು, ದೂರು ಕೊಡುವ ಅವಧಿ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಸಾಕಷ್ಟು ಕಾರಣವಿದ್ದರೆ ತಡವಾದದ್ದನ್ನು ಮನ್ನಿಸುವ ಅಧಿಕಾರವೂ ಆಯೋಗಕ್ಕೆ ಉಂಟು. ಹೀಗಿರುವಾಗ ಎಂಟು ತಿಂಗಳಾಯಿತೆಂಬ ಒಂದೇ ಕಾರಣದಿಂದ ಎಲ್ಲವೂ ಮುಗಿಯಿತೆಂದು ಎದೆಗುಂದಬಾರದು.

ಮೂರನೆಯದು ಅಚ್ಚಾದ ಸಾಲಿನ ಮಾತು. ದೋಷವುಳ್ಳ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನೇ ಹೇಳಿಲ್ಲದಿದ್ದರೆ ಮೂವತ್ತು ದಿನದೊಳಗೆ, ವಾಪಸು ತೆಗೆದುಕೊಂಡು ಹಣ ಕೊಡಲು ನಿರಾಕರಿಸುವುದು 2019ರ ಕಾಯಿದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿಯೆಂದು ಎಣಿಸಲ್ಪಟ್ಟಿದೆ. ಬಿಲ್ಲನ್ನೇ ಕೊಡದಿರುವುದೂ ಹಾಗೆಯೇ. ನಿಜ, ನಮ್ಮ ಎಂಟು ತಿಂಗಳಿಗೆ ಈ ಮೂವತ್ತು ದಿನದ ನಿಯಮವು ನೆರವಾಗಲಿಲ್ಲ. ಆದರೆ ವಾರಂಟಿಯೂ ದೂರಿನ ಹಕ್ಕೂ ಬೇರೆಯಾಗಿ ಇದ್ದೇ ಇದ್ದವು. ಅವುಗಳನ್ನು ಆ ಒಂದು ಸಾಲು ಅಳಿಸಲಾರದು.

ಇಲ್ಲಿ ಅಂಗಡಿಯವರ ಪರವಾಗಿಯೂ ಒಂದು ಮಾತು ಹೇಳುವುದು ನ್ಯಾಯ. ಬಣ್ಣ ಒಪ್ಪಲಿಲ್ಲ, ಇಂಥದೇ ಇನ್ನೊಂದು ಮನೆಯಲ್ಲಿದೆ ಎಂಬ ಕಾರಣಕ್ಕೆ ಸಾಮಾನನ್ನು ಹಿಂದಿರುಗಿಸುವುದು ಹಕ್ಕಲ್ಲ. ಅಂಗಡಿಯವರು ಬದಲಿಸಿಕೊಟ್ಟರೆ ಅದು ಅವರ ಸೌಜನ್ಯ. ಕೈಜಾರಿ ಬಿದ್ದು ಒಡೆದದ್ದೂ ನೀರು ಹೊಕ್ಕು ಕೆಟ್ಟದ್ದೂ ವಸ್ತುವಿನ ದೋಷವಲ್ಲ. ದಿನ ಕಳೆದಷ್ಟೂ, ದೋಷವು ಮೊದಲೇ ಇತ್ತೋ ಬಳಕೆಯಿಂದ ಬಂತೋ ಎಂಬುದನ್ನು ತೋರಿಸಿಕೊಡುವುದು ಕಷ್ಟವಾಗುತ್ತದೆ. ಸಂಕೋಚವು ನಮಗೆ ಮಾಡುವ ದೊಡ್ಡ ಹಾನಿ ಇದೇ.

ನಾವು ಮಾಡಿದ್ದು ಇಷ್ಟು. ಕೊಂಡ ತಾರೀಖು, ಬಿಲ್ಲಿನ ಸಂಖ್ಯೆ, ದೋಷವು ಕಂಡ ದಿನ, ನಮಗೆ ಬೇಕಾದ ಪರಿಹಾರ, ಇವನ್ನು ಒಂದು ಪುಟದಲ್ಲಿ ಬರೆದು ಅಂಗಡಿಗೂ ತಯಾರಕರಿಗೂ ಕಳುಹಿಸಿ ನಕಲನ್ನು ಇಟ್ಟುಕೊಂಡೆವು. ಸಿಟ್ಟಿನ ಮಾತು ಒಂದನ್ನೂ ಬರೆಯಲಿಲ್ಲ. ಹತ್ತು ದಿನ ಉತ್ತರ ಬಾರದಿರಲು, ರಾಷ್ಟ್ರೀಯ ಗ್ರಾಹಕರ ಸಹಾಯವಾಣಿಯಾದ 1915ಕ್ಕೆ ಫೋನು ಮಾಡಿದೆವು. ಕನ್ನಡದಲ್ಲಿಯೇ ಮಾತಾಡಿ ದೂರನ್ನು ಬರೆದುಕೊಂಡರು. ಮುಂದಿನ ವಾರ ತಯಾರಕರ ಕಡೆಯ ಮೆಕ್ಯಾನಿಕ್ಕು ಅಮ್ಮನವರ ಮನೆಗೆ ಬಂದು ಬಿಚ್ಚಿ ನೋಡಿ, ಮೋಟಾರಿನ ತಂತಿ ಸುತ್ತಿದ್ದರಲ್ಲಿಯೇ ದೋಷವಿದೆಯೆಂದು ಹೇಳಿ, ಹಣ ತೆಗೆದುಕೊಳ್ಳದೆ ಹೊಸ ಮೋಟಾರನ್ನು ಹಾಕಿಕೊಟ್ಟನು.

ಹೀಗೆ ಇತ್ಯರ್ಥವಾಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದಾಗಿತ್ತು. ಐದು ಲಕ್ಷ ರೂಪಾಯಿಯವರೆಗಿನ ಬೆಲೆಯ ವಸ್ತುವಿಗೆ ದೂರಿನ ಶುಲ್ಕವಿಲ್ಲ. ವಕೀಲರಿಲ್ಲದೆ ತಾವೇ ವಾದಿಸಬಹುದು. ಕೊಂಡ ಊರಿಗೇ ಹೋಗಬೇಕೆಂದಿಲ್ಲ. ದೂರುದಾರರು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ದೋಷವನ್ನು ಸರಿಪಡಿಸುವಂತೆಯೂ ವಸ್ತುವನ್ನು ಬದಲಿಸುವಂತೆಯೂ ಹಣವನ್ನು ಹಿಂದಕ್ಕೆ ಕೊಡುವಂತೆಯೂ ಆಜ್ಞೆ ಮಾಡುವ ಅಧಿಕಾರವು ಆಯೋಗಕ್ಕೆ ಇದೆ.

ಹಳೆಯ ವಿದ್ಯಾರ್ಥಿನಿಯರಿಗೆ ನಮ್ಮ ಬಿನ್ನಹವಿಷ್ಟೇ. ಉಡುಗೊರೆಯನ್ನು ಕೊಡುವಾಗ ಬಿಲ್ಲಿನ ನಕಲನ್ನೂ ಮೊಹರು ಹಾಕಿಸಿದ ವಾರಂಟಿ ಚೀಟಿಯನ್ನೂ ಒಂದು ಲಕೋಟೆಯಲ್ಲಿಟ್ಟು ಜೊತೆಗೆ ಕೊಡಿರಿ. ಬೆಲೆ ತಿಳಿಯುವುದೆಂದು ನಾಚಬೇಡಿರಿ. ತೆಗೆದುಕೊಂಡವರು ಪೆಟ್ಟಿಗೆಯನ್ನು ಆ ವಾರವೇ ಬಿಚ್ಚಿ, ಒಂದು ಸಾರಿ ನಡೆಯಿಸಿ ನೋಡಿರಿ. ದೋಷ ಕಂಡರೆ ಕೊಟ್ಟವರಿಗೆ ಅಂದೇ ತಿಳಿಸಿರಿ.

1986ರ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು ಡಿಸೆಂಬರ್ 24ರಂದು. ಆದ್ದರಿಂದ ಆ ದಿನವನ್ನು ರಾಷ್ಟ್ರೀಯ ಗ್ರಾಹಕರ ದಿನವೆಂದು ಆಚರಿಸುತ್ತಾರೆ. ಅದು ಕ್ರಿಸ್ಮಸ್ಸಿನ ಹಿಂದಿನ ದಿನ, ಉಡುಗೊರೆಗಳನ್ನು ಕಟ್ಟುವ ದಿನ. ಕಳೆದ ವರ್ಷ ಅದೇ ದಿನ ಅಮ್ಮನವರು ಹೊಸ ಮೋಟಾರಿನಲ್ಲಿ ರುಬ್ಬಿದ ಹಿಟ್ಟಿನ ಇಡ್ಲಿಗಳನ್ನು ನಿಲಯದಲ್ಲಿ ಉಳಿದಿದ್ದ ಮಕ್ಕಳಿಗೆ ಕಳುಹಿಸಿಕೊಟ್ಟರು.

ನಿಮ್ಮಲ್ಲಿ ಅನೇಕರು ಈ ಶಾಲೆಗೂ ಗಡಿಯಾರ, ಬೀರು, ನೀರಿನ ಫಿಲ್ಟರು ಮುಂತಾದವುಗಳನ್ನು ಕೊಟ್ಟಿದ್ದೀರಿ. ಅವುಗಳಲ್ಲಿ ಯಾವುದಾದರೂ ಕೆಟ್ಟರೆ ಇನ್ನು ಮುಂದೆ ನಾವು ಕೂಡಲೆ ನಿಮಗೆ ಬರೆಯುವೆವು. ಅದನ್ನು ಕೃತಘ್ನತೆಯೆಂದು ಎಣಿಸದೆ ಬಿಲ್ಲನ್ನು ಹುಡುಕಿ ಕಳುಹಿಸಿಕೊಡಬೇಕೆಂದು ಬೇಡಿಕೊಳ್ಳುತ್ತೇವೆ.