ಸಿಕ್ಕಿಬಿದ್ದದ್ದು ನೆಂಟರಿಂದ

ಏಪ್ರಿಲ್ 2018. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹತ್ತಿರ 72 ವರ್ಷದ ಮುದುಕನೊಬ್ಬನ ಬಂಧನ. ಜೋಸೆಫ್ ಡಿಆಂಜೆಲೊ, ಅಲಿಯಾಸ್ 'ಗೋಲ್ಡನ್ ಸ್ಟೇಟ್ ಕಿಲ್ಲರ್'. 13 ಕೊಲೆ, ಹತ್ತಾರು ಅತ್ಯಾಚಾರ. ಆಸಾಮಿ ಒಂದು ಕಾಲದಲ್ಲಿ ತಾನೇ ಪೊಲೀಸ್!

ಹಳೇ ಕೇಸಿನ ಡಿಎನ್‌ಎ ಪೊಲೀಸರ ಹತ್ತಿರ ಇತ್ತು. ಅಪರಾಧಿಗಳ ಡೇಟಾಬೇಸ್‌ನಲ್ಲಿ ಅದಕ್ಕೆ ತಾಳೆಯಾಗೋರು ಯಾರೂ ಇರಲಿಲ್ಲ. ಅದನ್ನೇ ಜೆಡ್‌ಮ್ಯಾಚ್‌ಗೆ ಹಾಕಿದ್ರು. ಅದು ಜನ ತಮ್ಮ ವಂಶದ ಬೇರು ಹುಡುಕೋ ವೆಬ್‌ಸೈಟ್. ಅಲ್ಲಿ ಅವನು ಸಿಗಲಿಲ್ಲ, ದೂರದ ನೆಂಟರು ಸಿಕ್ಕರು. ಮುತ್ತಜ್ಜನಿಗೂ ಹಿಂದಿನ ತಲೆಮಾರಿಗೆ ಹೋಗಿ, ಅಲ್ಲಿಂದ ವಂಶವೃಕ್ಷ ಬರೀತಾ ಕೆಳಗಿಳಿದ್ರು. ವಯಸ್ಸು, ಊರು ನೋಡಿ ಒಬ್ಬೊಬ್ಬರನ್ನೇ ಕೈಬಿಟ್ರು. ಕೊನೆಗೆ ಉಳಿದವನ ಕಾರಿನ ಬಾಗಿಲ ಹಿಡಿ ಒರೆಸಿ, ಮನೆ ಮುಂದಿನ ಕಸದ ಡಬ್ಬಿಯಿಂದ ಟಿಶ್ಯೂ ಎತ್ತಿ, ಪರೀಕ್ಷೆ ಮಾಡಿಸಿದ್ರು. ಅವನೇ! 2020ರಲ್ಲಿ ತಪ್ಪೊಪ್ಪಿಕೊಂಡ, ಜೀವಾವಧಿ ಶಿಕ್ಷೆ ಆಯ್ತು.

ಒಳ್ಳೇದೇ ಆಯ್ತು, ಎರಡು ಮಾತಿಲ್ಲ. ಆದರೆ ಆ ನೆಂಟರು ಡಿಎನ್‌ಎ ಕೊಟ್ಟಿದ್ದು ಪೂರ್ವಜರನ್ನ ಹುಡುಕೋಕೆ, ಪೊಲೀಸರಿಗಲ್ಲ. ಕುಟುಂಬದಲ್ಲಿ ಒಬ್ಬರು ಕೊಳವೆಗೆ ಉಗುಳಿ ಕಳಿಸಿದ್ರೆ ಸಾಕು, ಮುಖ ನೋಡದ ದಾಯಾದಿಯ ಜಾಡೂ ಸಿಗುತ್ತೆ. 2018ರಲ್ಲೇ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಅಂದಾಜು ಕೇಳಿ: ಯುರೋಪ್ ಮೂಲದ ಅಮೆರಿಕನ್ನರಲ್ಲಿ ಸುಮಾರು 60% ಮಂದಿಯನ್ನ ಹೀಗೆ ದೂರದ ನೆಂಟರ ಮೂಲಕವೇ ಹುಡುಕಬಹುದು. ಅವರು ತಾವಾಗಿ ಏನೂ ಕೊಟ್ಟಿರಬೇಕಿಲ್ಲ!

2019ರಲ್ಲಿ ಜೆಡ್‌ಮ್ಯಾಚ್ ನಿಯಮ ಬದಲಿಸಿತು: ಒಪ್ಪಿಗೆ ಕೊಟ್ಟವರ ಮಾಹಿತಿ ಮಾತ್ರ ಪೊಲೀಸರಿಗೆ. ಅದೇ ವರ್ಷ ಫ್ಲಾರಿಡಾದ ನ್ಯಾಯಾಧೀಶರೊಬ್ಬರು ವಾರಂಟ್ ಕೊಟ್ಟು, ಒಪ್ಪದವರ ಮಾಹಿತಿಯನ್ನೂ ಹುಡುಕೋಕೆ ಬಿಟ್ರು.