ಆಪರೇಷನ್‌ಗೆ ಮುಂಚೆ ಎರಡು ವಾರ ಹಿಟ್ಟು ಯಾಕೆ ಬೇಡ?



ನಮ್ಮ ನಾಟ್ರಾಂಪಾಳ್ಯ, ಅಂಚೆಟ್ಟಿ ಕಡೆ ಯಾರಿಗಾದರೂ ಆಪರೇಷನ್ ಅಂದರೆ ಮನೆಯ ಹಿರಿಯರು ಹೇಳುವ ಮಾತು ಒಂದೇ: "ಚೆನ್ನಾಗಿ ಉಣ್ಣಿಸಿ ಕಳಿಸಿ, ಮೈಯಲ್ಲಿ ಶಕ್ತಿ ಇರಲಿ." ಆದರೆ ಒಂದು ಆಪರೇಷನ್‌ಗೆ ಡಾಕ್ಟರು ಇದಕ್ಕೆ ಪೂರಾ ಉಲ್ಟಾ ಹೇಳುತ್ತಾರೆ. ಸುಮಾರು ಎರಡು ವಾರ ಹಿಟ್ಟು ಬೇಡ, ಅನ್ನ ಬೇಡ, ಸಕ್ಕರೆ ಬೇಡ, ಕರಿದದ್ದು ಬೇಡ. ಅದೇ ತೂಕ ಇಳಿಸುವ ಶಸ್ತ್ರಚಿಕಿತ್ಸೆ, ಅಂದರೆ ಬೇರಿಯಾಟ್ರಿಕ್ ಸರ್ಜರಿ. ಬೆಂಗಳೂರು, ಚೆನ್ನೈಯಂಥ ಊರುಗಳಲ್ಲಿ ಇದು ಈಗ ಸಾಮಾನ್ಯ. ನಾಳೆ ನಿಮ್ಮ ಅತ್ತೆಗೋ ದೊಡ್ಡಪ್ಪನಿಗೋ ಇದು ಬೇಕಾಗಬಹುದು.

"ರಾಗಿ ಒಳ್ಳೇದು ಅಂತ ನೀವೇ ಪಾಠ ಮಾಡ್ತೀರಲ್ಲ ಸಾರ್, ಮತ್ತೆ ಅದನ್ನ ಯಾಕೆ ಬಿಡಬೇಕು?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಜಠರದಲ್ಲಿಲ್ಲ, ಅದರ ಪಕ್ಕದ ಅಂಗದಲ್ಲಿದೆ.

ಜಠರದ ಮೇಲೆ ಕೂತ ಯಕೃತ್ತು

ಮಟನ್ ಅಂಗಡಿಯಲ್ಲಿ ಈಲಿ ಅಂತೀವಲ್ಲ, ಅದೇ ಯಕೃತ್ತು. ನಮ್ಮ ದೇಹದಲ್ಲಿ ಅದರ ತೂಕ ಸುಮಾರು ಒಂದೂವರೆ ಕಿಲೋ. ಹೆಚ್ಚಿನ ಭಾಗ ಬಲಗಡೆ ಇದ್ದರೂ ಅದರ ಎಡ ಹಾಲೆ ಜಠರದ ಮೇಲ್ಭಾಗವನ್ನು ಮುಚ್ಚಿಕೊಂಡಿರುತ್ತದೆ. ತೂಕ ತುಂಬಾ ಹೆಚ್ಚಿರುವವರಲ್ಲಿ ಅನೇಕರಿಗೆ ಯಕೃತ್ತಿನಲ್ಲಿ ಕೊಬ್ಬು ಸೇರಿ ಅದು ಊದಿಕೊಂಡಿರುತ್ತದೆ.

ಈ ಆಪರೇಷನ್‌ನಲ್ಲಿ ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಅನಿಲ ತುಂಬಿ ಹೊಟ್ಟೆಯನ್ನು ಉಬ್ಬಿಸಿ, ನಾಲ್ಕೈದು ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ಉಪಕರಣಗಳನ್ನು ಒಳಗೆ ಬಿಡುತ್ತಾರೆ. ಜಠರ ಕಾಣಬೇಕಾದರೆ ಯಕೃತ್ತಿನ ಎಡ ಹಾಲೆಯನ್ನು ಮೇಲಕ್ಕೆತ್ತಿ ಹಿಡಿಯಲೇಬೇಕು. ಅದು ದಪ್ಪಗಿದ್ದು ಭಾರವಾಗಿದ್ದರೆ ಎತ್ತುವಾಗ ಹರಿದು ರಕ್ತ ಸುರಿಯಬಹುದು. ಜಠರ ಸರಿಯಾಗಿ ಕಾಣದಿದ್ದರೆ ಹೊಟ್ಟೆ ಕೊಯ್ದೇ ಮುಂದುವರಿಯಬೇಕಾಗಬಹುದು, ಕೆಲವೊಮ್ಮೆ ಆಪರೇಷನ್ ನಿಲ್ಲಿಸಬೇಕಾಗಬಹುದು. ಹಾಗಾಗಿ ಈ ಎರಡು ವಾರದ ಪಥ್ಯ ನೋಡಲು ಸಣ್ಣಗಾಗಲಿ ಅಂತ ಅಲ್ಲ, ಯಕೃತ್ತು ಸಣ್ಣದಾಗಲಿ ಅಂತ.

ಸ್ಪಂಜಿನ ಲೆಕ್ಕ

ಎರಡು ವಾರದಲ್ಲಿ ಒಂದು ಅಂಗ ಕುಗ್ಗುತ್ತದಾ? ಕುಗ್ಗುತ್ತದೆ. ನಾವು ತಿಂದ ಕಾರ್ಬೋಹೈಡ್ರೇಟು ಗ್ಲೂಕೋಸ್ ಆಗಿ, ಹೆಚ್ಚಾದದ್ದು ಗ್ಲೈಕೋಜನ್ ರೂಪದಲ್ಲಿ ಯಕೃತ್ತಿನಲ್ಲಿ ಸಂಗ್ರಹವಾಗುತ್ತದೆ ಅಂತ ಪಾಠದಲ್ಲಿ ಓದಿದ್ದೀರಿ. ಅಲ್ಲಿ ಸುಮಾರು 100 ಗ್ರಾಂ ಗ್ಲೈಕೋಜನ್ ಹಿಡಿಯುತ್ತದೆ. ಈ ಗ್ಲೈಕೋಜನ್ ಒಂಟಿಯಾಗಿ ಇರುವುದಿಲ್ಲ, ಪ್ರತಿ ಗ್ರಾಂ ಜೊತೆಗೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಂದರೆ 100 ಗ್ರಾಂ ಗ್ಲೈಕೋಜನ್, 300 ಗ್ರಾಂ ನೀರು, ಒಟ್ಟು 400 ಗ್ರಾಂ. ಯಕೃತ್ತನ್ನು ನೀರು ಕುಡಿದ ಸ್ಪಂಜು ಅಂದುಕೊಳ್ಳಿ. ಊಟದಲ್ಲಿ ಕಾರ್ಬೋಹೈಡ್ರೇಟು ಕಡಿಮೆಯಾದರೆ ಗ್ಲೈಕೋಜನ್ ಖರ್ಚಾಗುತ್ತದೆ, ಅದು ಹಿಡಿದಿದ್ದ ನೀರೂ ಹೊರಟುಹೋಗುತ್ತದೆ, ಸ್ಪಂಜು ಹಿಂಡಿದಂತಾಗುತ್ತದೆ. ನಿಧಾನವಾಗಿ ಯಕೃತ್ತಿನ ಕೊಬ್ಬೂ ಕರಗುತ್ತದೆ.

ಆಸ್ಟ್ರೇಲಿಯಾದ ಸಂಶೋಧಕರು 32 ಜನರಿಗೆ 12 ವಾರ ಇಂಥ ಪಥ್ಯ ಕೊಟ್ಟು, ಸ್ಕ್ಯಾನ್ ಮಾಡಿ ಅಳೆದು 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಕೃತ್ತಿನ ಗಾತ್ರ ಸರಾಸರಿ ಶೇಕಡಾ 19ರಷ್ಟು ಇಳಿದಿತ್ತು. ಆ ಇಳಿಕೆಯಲ್ಲಿ ಶೇಕಡಾ 80ರಷ್ಟು ಮೊದಲ ಎರಡು ವಾರದಲ್ಲೇ ಆಗಿತ್ತು! ಎರಡು ವಾರ ಅಂತ ಅನೇಕ ಡಾಕ್ಟರು ಹೇಳೋದು ಸುಮ್ಮನೆ ಅಲ್ಲ.

ಈಗ ನಮ್ಮ ಹಿಟ್ಟಿಗೆ ಬರೋಣ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟು, 7 ಗ್ರಾಂ ಪ್ರೋಟೀನು, 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಶಕ್ತಿ 320 ಕಿಲೋಕ್ಯಾಲೊರಿ. ಬೆಳೆಯುವ ನಿಮಗೆ, ಹೊಲದಲ್ಲಿ ದುಡಿಯುವವರಿಗೆ ಇದು ಬಂಗಾರದಂಥ ಆಹಾರ. ಆದರೆ ಸ್ಪಂಜು ಹಿಂಡಬೇಕಾದ ಹೊತ್ತಿನಲ್ಲಿ ಆ 67 ಗ್ರಾಂ ಮತ್ತೆ ನೀರು ತುಂಬಿಸುತ್ತದೆ. ರಾಗಿ ಕೆಟ್ಟದ್ದಲ್ಲ, ಸಮಯ ಸರಿಯಿಲ್ಲ ಅಷ್ಟೆ.

ಮತ್ತೆ ತಿನ್ನೋದೇನು?

ದಿನಕ್ಕೆ ಸಾಮಾನ್ಯವಾಗಿ 800ರಿಂದ 1000 ಕಿಲೋಕ್ಯಾಲೊರಿ ಮಾತ್ರ. ಪ್ರೋಟೀನು ಮಾತ್ರ ಕಡಿಮೆಯಾಗಬಾರದು, ಇಲ್ಲದಿದ್ದರೆ ದೇಹ ತನ್ನ ಸ್ನಾಯುಗಳನ್ನೇ ಕರಗಿಸುತ್ತದೆ. ಪ್ರೋಟೀನು ಪುಡಿ ಕಲಸಿದ ಪಾನೀಯ, ಕೆನೆ ತೆಗೆದ ಹಾಲು, ಮಜ್ಜಿಗೆ, ಮೊಟ್ಟೆಯ ಬಿಳಿ, ತರಕಾರಿ, ಸೊಪ್ಪು, ತಿಳಿ ಸಾರು. ಯಾರಿಗೆ ಯಾವುದು, ಎಷ್ಟು ಅಂತ ಬರೆದುಕೊಡುವವರು ಆಸ್ಪತ್ರೆಯ ವೈದ್ಯರು ಮತ್ತು ಆಹಾರ ತಜ್ಞರು. ಸಕ್ಕರೆ ಕಾಯಿಲೆ ಇರುವವರು ಮೊದಲಿನ ಅಳತೆಯಲ್ಲೇ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಂಡು ಊಟ ಮಾತ್ರ ಇಳಿಸಿದರೆ, ರಕ್ತದ ಸಕ್ಕರೆ ಅಪಾಯಕ್ಕೆ ಇಳಿಯಬಹುದು. ಆ ಅಳತೆಯನ್ನೂ ಡಾಕ್ಟರೇ ಬದಲಾಯಿಸಬೇಕು.

ಮೊದಲ ಮೂರ್ನಾಲ್ಕು ದಿನ ತಲೆನೋವು, ಸುಸ್ತು, ಸಿಡುಕು ಇರುತ್ತದೆ. ದೇಹ ಕೊಬ್ಬನ್ನು ಉರಿಸಿ ಕೀಟೋನುಗಳನ್ನು ತಯಾರಿಸುವಾಗ ಅದರಲ್ಲಿ ಸ್ವಲ್ಪ ಅಸಿಟೋನ್ ಕೂಡ ಇರುತ್ತದೆ. ಉಗುರಿನ ಬಣ್ಣ ತೆಗೆಯುವ ದ್ರವದ ವಾಸನೆ ಉಸಿರಲ್ಲಿ ಬಂದರೆ ಅದು ಇದೇ. ಕಾರ್ಬನ್ ಸಂಯುಕ್ತಗಳ ಪಾಠ ಬರೀ ಪರೀಕ್ಷೆಗಲ್ಲ, ನೋಡಿ!

ಹಸಿವು ಸುಮ್ಮನಿರಲ್ಲ

"ಬಾಯಿ ಕಟ್ಟೋಕಾಗಲ್ವಾ?" ಅಂತ ಕೇಳೋದು ಸುಲಭ. ಖಾಲಿ ಜಠರ ಗ್ರೆಲಿನ್ ಎಂಬ ಹಾರ್ಮೋನು ಬಿಟ್ಟು ಮೆದುಳಿಗೆ 'ಹಸಿವು' ಅಂತ ಸುದ್ದಿ ಕಳಿಸುತ್ತದೆ. ಜಪಾನಿನ ವಿಜ್ಞಾನಿಗಳು ಇದನ್ನು ಕಂಡುಹಿಡಿದದ್ದು 1999ರಲ್ಲಿ. ಕೊಬ್ಬಿನ ಕೋಶಗಳಿಂದ ಬರುವ ಲೆಪ್ಟಿನ್ 'ಸಾಕು' ಅನ್ನುವ ಹಾರ್ಮೋನು. ಊಟ ತುಂಬಾ ಕಡಿಮೆಯಾದಾಗ ಅದೂ ಇಳಿಯುತ್ತದೆ. ಹೀಗೆ ಎರಡು ಕಡೆಯಿಂದಲೂ ದೇಹ ಒತ್ತಾಯಿಸುತ್ತದೆ.

1944-45ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ, ಅವರ ಒಪ್ಪಿಗೆಯ ಮೇಲೆ, ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಗಟ್ಟಿಮನಸ್ಸಿನ ಆ ಹುಡುಗರು ಹಗಲಿರುಳು ಊಟದ್ದೇ ಯೋಚನೆ ಮಾಡತೊಡಗಿದರು. ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಟ್ಟು ಓದುತ್ತಿದ್ದರು. ಹಸಿದವರ ಚಡಪಡಿಕೆ ಸೋಮಾರಿತನವೂ ಅಲ್ಲ, ಆಸೆಬುರುಕತನವೂ ಅಲ್ಲ.

ಬಹಳವಾಗಿ ಮಾಡುವ ಆಪರೇಷನ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತೆಗೆದು, ಉಳಿದದ್ದನ್ನು ಕೊಳವೆಯಂತೆ ಹೊಲಿಯುತ್ತಾರೆ. ಗ್ರೆಲಿನ್ ಹೆಚ್ಚಾಗಿ ತಯಾರಾಗುವ ಭಾಗವೂ ಹೋಗುವುದರಿಂದ ಆಮೇಲೆ ಹಸಿವು ತಗ್ಗುತ್ತದೆ. ಆದರೆ ಮೊದಲಿನ ಎರಡು ವಾರ ಆ ಸಹಾಯ ಇರುವುದಿಲ್ಲ. ಆಗ ಸಹಾಯ ಮಾಡಬೇಕಾದವರು ಮನೆಯವರು.

2017ರಲ್ಲಿ ಈಜಿಪ್ಟಿನ ಇಮಾನ್ ಅಹ್ಮದ್ ಎಂಬ ಮಹಿಳೆಯನ್ನು ಚಿಕಿತ್ಸೆಗೆ ಮುಂಬೈಗೆ ಕರೆತಂದಿದ್ದರು. ಅವರ ತೂಕ 500 ಕಿಲೋ ಹತ್ತಿರ ಎಂದು ಆಗ ಸುದ್ದಿಯಾಗಿತ್ತು. ಫೆಬ್ರವರಿಯಲ್ಲಿ ಬಂದ ಕೂಡಲೇ ಆಪರೇಷನ್ ಮಾಡಲಿಲ್ಲ. ಮೂರು ವಾರಕ್ಕೂ ಹೆಚ್ಚು ದ್ರವಾಹಾರ ಕೊಟ್ಟು ತೂಕ ಇಳಿಸಿ, ಮಾರ್ಚ್ 7ರಂದು ಮಾಡಿದರು. ಆದರೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಬುಧಾಬಿಯಲ್ಲಿ ಅವರು ತೀರಿಕೊಂಡರು, ಹೃದಯ ಮತ್ತು ಮೂತ್ರಪಿಂಡದ ತೊಂದರೆಗಳಿದ್ದವು. ಪಥ್ಯವೂ ಆಪರೇಷನ್ನೂ ಮಂತ್ರವಲ್ಲ. ಸ್ಥೂಲಕಾಯ ಒಂದು ಕಾಯಿಲೆ, ಅದು ದೇಹವನ್ನು ಒಳಗೊಳಗೇ ತಿಂದಿರುತ್ತದೆ. ಇನ್ನು ಮುಂದೆ ತರಗತಿಯಲ್ಲಿ ಯಾರನ್ನಾದರೂ "ಡುಮ್ಮ" ಅನ್ನುವ ಮುಂಚೆ ಇದನ್ನು ನೆನೆಯಿರಿ.

ನಿಮ್ಮ ಕೈಲಾಗುವುದು

ನಮ್ಮಲ್ಲಿ ಪ್ರೀತಿ ತೋರಿಸೋದೇ ಬಡಿಸಿ. ಆಡಿ ಹದಿನೆಂಟಕ್ಕೆ ಹೊಗೇನಕಲ್ಲಿಗೆ ಹೋದರೆ ಮೀನು ಹುರಿದ ವಾಸನೆ, ಮಾರಿಹಬ್ಬಕ್ಕೆ ನೆಂಟರ ಮನೆ. "ಒಂದು ತುತ್ತು ತಿಂದ್ರೆ ಏನಾಗುತ್ತೆ ಅತ್ತೆ?" ಅಂತ ಒತ್ತಾಯ ಮಾಡುವವರು ನೀವಾಗಬೇಡಿ. ಆ ಎರಡು ವಾರ ಅವರೆದುರು ಬೋಂಡಾ ಪೊಟ್ಟಣ ಬಿಚ್ಚಬೇಡಿ. ಸಂಜೆ ಜೊತೆಗೆ ಸ್ವಲ್ಪ ದೂರ ನಡೆಯಿರಿ. ಡಾಕ್ಟರು ಕೊಟ್ಟ ಚೀಟಿಯನ್ನು ಓದಿ ಹೇಳಿ.

ಅಕಸ್ಮಾತ್ ಒಂದು ದಿನ ಪಥ್ಯ ತಪ್ಪಿತು ಅನ್ನಿ. ಕರಗಿದ ಕೊಬ್ಬೆಲ್ಲ ಒಂದೇ ಊಟಕ್ಕೆ ವಾಪಸ್ ಬರೋದಿಲ್ಲ, ಆದರೆ ಗ್ಲೈಕೋಜನ್ ಮತ್ತು ನೀರು ಒಂದು ದಿನದಲ್ಲೇ ತುಂಬಿಕೊಳ್ಳಬಹುದು. ಮಾರನೇ ದಿನದಿಂದ ಮತ್ತೆ ಶುರು ಮಾಡಬೇಕು, ಡಾಕ್ಟರಿಗೆ ನಿಜ ಹೇಳಬೇಕು. ಬೈತಾರೆ ಅಂತ ಮುಚ್ಚಿಟ್ಟರೆ, ದೊಡ್ಡ ಯಕೃತ್ತು ಅವರಿಗೆ ಆಪರೇಷನ್ ಟೇಬಲ್ ಮೇಲೇ ಗೊತ್ತಾಗುತ್ತದೆ. ಅಲ್ಲಿ ಗೊತ್ತಾಗುವುದಕ್ಕಿಂತ ಫೋನಿನಲ್ಲಿ ಗೊತ್ತಾಗಿ ದಿನಾಂಕ ಮುಂದೆ ಹೋಗುವುದೇ ಮೇಲು.

ಒಂದು ಎಚ್ಚರಿಕೆ. ಈ ಪಥ್ಯ ನಿಮಗಲ್ಲ. ನಿಮ್ಮ ಮೂಳೆ, ಸ್ನಾಯು, ಮೆದುಳು ಇನ್ನೂ ಬೆಳೆಯುತ್ತಿವೆ. ಮೊದಲ ವಾರ ಸರ್ರಂತ ಇಳಿಯುವ ತೂಕದಲ್ಲಿ ಹೆಚ್ಚಿನದು ನೀರು ಅಂತ ಈಗ ನಿಮಗೆ ಗೊತ್ತಾಯಿತಲ್ಲ. "ವಾರದಲ್ಲಿ ಐದು ಕಿಲೋ ಇಳಿಸಿ" ಅನ್ನುವ ಜಾಹೀರಾತು ನೋಡಿದಾಗ ಈ ಲೆಕ್ಕ ಹಾಕಿ.

ಮಾಡಿ ನೋಡಿ: ಒಣ ಸ್ಪಂಜನ್ನು ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿ. ನೀರಲ್ಲಿ ಅದ್ದಿ, ಸುರಿಯುವ ನೀರು ನಿಂತ ಮೇಲೆ ಮತ್ತೆ ತೂಗಿ. ಒಂದು ಗ್ರಾಂ ಸ್ಪಂಜು ಎಷ್ಟು ಗ್ರಾಂ ನೀರು ಹಿಡಿಯಿತು? ಗ್ಲೈಕೋಜನ್‌ಗೆ ಹೋಲಿಸಿ. ಇನ್ನೊಂದು ಲೆಕ್ಕ: ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಗ್ಲೈಕೋಜನ್ ಇರುತ್ತದೆ. ಅದನ್ನೂ ಯಕೃತ್ತಿನದನ್ನೂ ಸೇರಿಸಿ, ಅವು ಹಿಡಿದಿರುವ ನೀರಿನ ಜೊತೆ ಒಟ್ಟು ತೂಕ ಎಷ್ಟು? ಉತ್ತರ ಬರೆದು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.