ಲಾರಿಯಲ್ಲಿ ಇನ್ವರ್ಟರ್ ನಿಂತುಹೋಗುವುದೇಕೆ?

12 ವೋಲ್ಟಿನ ಬ್ಯಾಟರಿಯುಳ್ಳ ಸಣ್ಣ ಲಾರಿಯೊಂದರಲ್ಲಿ, ಎಂಜಿನ್ ನಿಂತಿರುವಾಗ, ಇನ್ವರ್ಟರಿನ ಮೂಲಕ ಲ್ಯಾಪ್‌ಟಾಪನ್ನು ನಡೆಸುತ್ತಿದ್ದೇವೆಂದು ಭಾವಿಸೋಣ. ಇನ್ವರ್ಟರು ಕೀಚೆಂದು ಕೂಗಿ ನಿಂತುಬಿಡುತ್ತದೆ. ಅಳೆದು ನೋಡಿದರೆ ಬ್ಯಾಟರಿಯಲ್ಲಿ 12 ವೋಲ್ಟ್ ಇದ್ದೇ ಇದೆ. ಹಾಗಾದರೆ ದೋಷವೆಲ್ಲಿ?

ಲೆಕ್ಕ ಹಾಕೋಣ. 65 ವ್ಯಾಟಿನ ಲ್ಯಾಪ್‌ಟಾಪಿಗೆ, ಇನ್ವರ್ಟರಿನಲ್ಲಾಗುವ ನಷ್ಟವನ್ನೂ ಸೇರಿಸಿದರೆ, ಸುಮಾರು 76 ವ್ಯಾಟ್ ಬೇಕು, ಎಂದರೆ 6.4 ಆಂಪಿಯರ್ ಪ್ರವಾಹ. ಸಿಗರೇಟ್ ಲೈಟರಿನ ತೆಳು ತಂತಿ ಹಾಗೂ ಸಡಿಲ ಸಂಪರ್ಕಗಳ ರೋಧವು ಕೇವಲ ಕಾಲು ಓಮ್ ಇದ್ದರೂ, ಓಮನ ನಿಯಮದಂತೆ 1.6 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಇನ್ವರ್ಟರಿಗೆ ತಲುಪುವುದು 10.4 ಮಾತ್ರ. ವೋಲ್ಟೇಜು ಇಳಿದಷ್ಟೂ ಅದು ಹೆಚ್ಚು ಪ್ರವಾಹವನ್ನೆಳೆಯುವುದರಿಂದ ಕುಸಿತವು ಇನ್ನೂ ಬೆಳೆಯುತ್ತದೆ. ಸುಮಾರು 10.5ಕ್ಕಿಂತ ಕೆಳಗಿಳಿದರೆ ಅನೇಕ ಇನ್ವರ್ಟರುಗಳು ಬ್ಯಾಟರಿಯ ರಕ್ಷಣೆಗಾಗಿ ತಾವಾಗಿಯೇ ನಿಲ್ಲುತ್ತವೆ.

ಆದುದರಿಂದ ಲ್ಯಾಪ್‌ಟಾಪ್ ನಡೆಯುತ್ತಿರುವಾಗಲೇ ತಂತಿಯ ಎರಡು ತುದಿಗಳಲ್ಲೂ ವೋಲ್ಟೇಜನ್ನು ಅಳೆಯಬೇಕು. ಪ್ರವಾಹವಿಲ್ಲದಾಗ ಕುಸಿತವೂ ಕಾಣದು. ಅಂತರ ಹೆಚ್ಚಿದ್ದರೆ ದಪ್ಪನೆಯ ಗಿಡ್ಡ ತಂತಿ, ಬಿಗಿಯಾದ ಸಂಪರ್ಕ, ಬ್ಯಾಟರಿಯ ಬಳಿ ತಕ್ಕ ಫ್ಯೂಸು ಇವೇ ಪರಿಹಾರ. ಫ್ಯೂಸು ಸುಟ್ಟಿತೆಂದು ಅದಕ್ಕಿಂತ ದೊಡ್ಡದನ್ನು ಹಾಕುವುದು ಮಾತ್ರ ಸಲ್ಲದು. ದಾರಿಯಲ್ಲಿ ಕಳೆದ 10 ವ್ಯಾಟು ಎಲ್ಲಿಗೂ ಹೋಗಿರುವುದಿಲ್ಲ, ಶಾಖವಾಗಿರುತ್ತದೆ. ಸಡಿಲ ಸಂಪರ್ಕವೊಂದರಲ್ಲೇ ಅದು ಕೂಡಿಕೊಂಡರೆ ಬೆಂಕಿಗೂ ಕಾರಣವಾದೀತು.